ಜಂಜಿರಾ ಮುತ್ತಿಗೆಯಲ್ಲಿ ಅಕ್ಕಲಕೋಟೆಯ ಮೂಲಪುರುಷ

ಶ್ರೀ ಸ್ವಾಮಿ ಸಮರ್ಥರ ದರ್ಶನಕ್ಕಾಗಿ ಅಕ್ಕಲಕೋಟೆಗೆ ವರ್ಷವಿಡೀ ಲಕ್ಷಾಂತರ ಭಕ್ತರು ಬಂದು ಹೋಗುತ್ತಾರೆ. ದರ್ಶನ, ಪ್ರಸಾದ ಮುಗಿಸಿದವರಲ್ಲಿ ಕೆಲವರು ಅರಮನೆಯ ಶಸ್ತ್ರಾಗಾರವನ್ನೂ ನೋಡಿ ಹೋಗುವುದುಂಟು. ಸಾಲಾಗಿ ಇಟ್ಟ ಕತ್ತಿ, ಗುರಾಣಿ, ಭರ್ಚಿ, ಬಂದೂಕುಗಳನ್ನು ನೋಡುವಾಗ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮನೆಮನೆಯಲ್ಲಿ ಕನ್ನಡ ಮಾತನಾಡುವ, ಜೋಳ ತೊಗರಿ ಬೆಳೆಯುವ ಈ ಎರೆಭೂಮಿಯ ನಡುವೆ ಭೋಸಲೆಯವರ ಸಂಸ್ಥಾನ ಹೇಗೆ ಬಂತು? ಅದನ್ನು ಕಟ್ಟಿದವರು ಯಾರು?

ಆ ಮೂಲಪುರುಷನ ಹೆಸರು ಫತೇಸಿಂಹ ಭೋಸಲೆ. ಸಾತಾರೆಯ ಛತ್ರಪತಿ ಶಾಹೂ ಮಹಾರಾಜರ ಮಾನಸಪುತ್ರ. ಆತನ ಜೀವನದಲ್ಲಿ ಅನೇಕ ದಂಡಯಾತ್ರೆಗಳು ನಡೆದವು. ಅವುಗಳಲ್ಲಿ 1733ರದು ಬೇರೆಯೇ ತರಹದ್ದು. ಕುದುರೆಯ ಮೇಲೆ ಬಯಲುಸೀಮೆ ಸುತ್ತಿದ ದಂಡಿನವರು ಆ ವರ್ಷ ಅರಬ್ಬೀ ಸಮುದ್ರದ ಅಲೆಗಳ ಮುಂದೆ ಬಂದು ನಿಲ್ಲಬೇಕಾಯಿತು. ನೀರಿನ ನಡುವೆ ನಿಂತ ಒಂದು ಬಂದರು-ಕೋಟೆಯನ್ನು ನೆಲದಿಂದಲೂ ಜಲದಿಂದಲೂ ಕಟ್ಟಿಹಾಕಿ ಮಣಿಸಬೇಕೆಂಬುದು ಅಂದಿನ ಯೋಜನೆ. ಅದು ಅರ್ಧ ಗೆದ್ದಿತು, ಅರ್ಧ ಸೋತಿತು. ಗೆದ್ದ ಅರ್ಧವನ್ನು ಎಲ್ಲರೂ ಹೇಳುತ್ತಾರೆ. ಸೋತ ಅರ್ಧದಲ್ಲಿಯೇ ಹೆಚ್ಚಿನ ಪಾಠವಿದೆ.

ಮಡಿಲಿಗೆ ಬಂದ ಮಗು

1689ರಲ್ಲಿ ಮೊಗಲರು ರಾಯಗಡ ಕೋಟೆಯನ್ನು ಹಿಡಿದಾಗ ಶಿವಾಜಿ ಮಹಾರಾಜರ ಮೊಮ್ಮಗ ಶಾಹೂ ಇನ್ನೂ ಏಳು ವರ್ಷದ ಬಾಲಕ. ತಾಯಿ ಯೇಸೂಬಾಯಿಯೊಂದಿಗೆ ಸೆರೆಯಾದ ಆತ ಔರಂಗಜೇಬನ ದಂಡಿನಲ್ಲಿಯೇ ಬೆಳೆದು, ಬಾದಶಹನ ಮರಣಾನಂತರ 1707ರಲ್ಲಿ ಬಿಡುಗಡೆ ಹೊಂದಿ ತಾಯ್ನಾಡಿನ ದಾರಿ ಹಿಡಿದನು. ದಾರಿಯಲ್ಲಿ ಪಾರದ ಎಂಬ ಹಳ್ಳಿಯ ಪಾಟೀಲನು ಆತನನ್ನು ಎದುರಿಸಿದನು. ಲೋಖಂಡೆ ಮನೆತನದ ಆ ಪಾಟೀಲ ಚಕಮಕಿಯಲ್ಲಿ ಮಡಿದನು. ಆಗ ಅವನ ಹೆಂಡತಿ ತನ್ನ ಪುಟ್ಟ ಮಗು ರಾಣೋಜಿಯನ್ನು ತಂದು ಶಾಹೂ ಮಹಾರಾಜರ ಪಾದದ ಬಳಿ ಮಲಗಿಸಿ ರಕ್ಷಣೆ ಬೇಡಿದಳು.

ಮಹಾರಾಜರ ಮನಸ್ಸು ಕರಗಿತು. ತಾನೂ ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಶತ್ರುವಿನ ಕೈಯಲ್ಲಿ ಬೆಳೆದವನಲ್ಲವೇ? ಮಗುವನ್ನು ಎತ್ತಿಕೊಂಡು ಸ್ವಂತ ಮಗನಂತೆ ಸಾಕಿದನು. ಅದು ಮೊದಲ ಜಯದ ಸಂದರ್ಭವಾದ್ದರಿಂದ ‘ಫತೇಸಿಂಹ’ ಎಂದು ಹೆಸರಿಟ್ಟು, ಭೋಸಲೆ ಎಂಬ ತನ್ನ ಮನೆತನದ ಹೆಸರನ್ನೇ ಕೊಟ್ಟನು. ಮುಂದೆ ಹದಿನೆಂಟನೆಯ ಶತಮಾನದ ಆರಂಭದ ದಶಕಗಳಲ್ಲಿ ಅಕ್ಕಲಕೋಟೆಯ ಜಹಗೀರು ಆತನಿಗೆ ದೊರೆಯಿತು. ಶತ್ರುವಿನ ಮಗನನ್ನು ಮಗನನ್ನಾಗಿ ಮಾಡಿಕೊಂಡ ಆ ಒಂದು ಗಳಿಗೆಯೇ ಅಕ್ಕಲಕೋಟೆ ಸಂಸ್ಥಾನದ ಬುನಾದಿ.

ಫತೇಸಿಂಹನು ಬೆಳೆದು ದೊಡ್ಡವನಾಗಿ ದಂಡಿನ ಮುಂದಾಳಾದನು. 1725ರಿಂದ 1727ರ ನಡುವೆ ಮರಾಠರ ಸೈನ್ಯ ಎರಡು ಸಲ ಕರ್ನಾಟಕಕ್ಕೆ ಇಳಿಯಿತು. ಮೊದಲ ಸಲ ಚಿತ್ರದುರ್ಗದ ಕಡೆಗೆ, ಎರಡನೆಯ ಸಲ ಶ್ರೀರಂಗಪಟ್ಟಣದವರೆಗೆ. ಈ ಎರಡೂ ದಂಡಯಾತ್ರೆಗಳಲ್ಲಿ ಪೇಶವೆ ಒಂದನೆಯ ಬಾಜೀರಾಯನೊಡನೆ ಫತೇಸಿಂಹನೂ ಇದ್ದನು. ಬಯಲಿನ ಯುದ್ಧ, ಕೋಟೆಯ ಮುತ್ತಿಗೆ, ಕಪ್ಪದ ಮಾತುಕತೆ ಎಲ್ಲವನ್ನೂ ಆತ ಅಲ್ಲಿ ಕಣ್ಣಾರೆ ಕಂಡನು. ಕಾಣದೇ ಉಳಿದದ್ದು ಸಮುದ್ರವೊಂದೇ.

ನೀರಿನ ನಡುವಿನ ವೈರಿ

ಇಂದಿನ ರಾಯಗಡ ಜಿಲ್ಲೆಯ ಮುರುಡ ತಾಲೂಕಿನಲ್ಲಿ ರಾಜಪುರಿ ಎಂಬ ಊರಿದೆ. ಅದರ ಖಾಡಿ ಸಮುದ್ರವನ್ನು ಸೇರುವಲ್ಲಿ, ದಂಡೆಯಿಂದ ಸ್ವಲ್ಪ ದೂರದಲ್ಲಿ, ಒಂದು ಬಂಡೆಯ ನಡುಗಡ್ಡೆಯ ಮೇಲೆ ಜಂಜಿರಾ ಕೋಟೆ ನಿಂತಿದೆ. ನಡುಗಡ್ಡೆ ಎಂಬ ಅರ್ಥದ ‘ಜಜೀರಾ’ ಎಂಬ ಅರಬ್ಬೀ ಮಾತೇ ಜಂಜಿರಾ ಆಯಿತು. ಸುತ್ತಲೂ ಉಪ್ಪುನೀರು, ನೀರಿನಿಂದಲೇ ಮೇಲೆದ್ದ ಎತ್ತರದ ಗೋಡೆ, ಗೋಡೆಯುದ್ದಕ್ಕೂ ತೋಪುಗಳನ್ನಿಟ್ಟ ಬುರುಜುಗಳು. ಒಳಗೆ ಮಾತ್ರ ಸಿಹಿನೀರಿನ ಕೆರೆಗಳು. ಹೆಬ್ಬಾಗಿಲು ದಂಡೆಯ ಕಡೆಗೆ, ರಾಜಪುರಿಗೆ ಮುಖ ಮಾಡಿದೆ. ಹಿಂದುಗಡೆ, ಪಡುವಣಕ್ಕೆ, ತೆರೆದ ಸಮುದ್ರದ ಕಡೆಗೆ ಇನ್ನೊಂದು ಬಾಗಿಲಿದೆ. ಅದಕ್ಕೆ ‘ದರ್ಯಾ ದರವಾಜಾ’ ಎಂದು ಹೆಸರು. ಓದುಗರು ಈ ಎರಡು ಬಾಗಿಲುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಡೀ ಕಥೆ ಇವುಗಳ ಮೇಲೆಯೇ ನಿಂತಿದೆ.

ಈ ಕೋಟೆಯ ಒಡೆಯರು ಸಿದ್ದಿಗಳು. ಆಫ್ರಿಕಾ ಖಂಡದ ಅಬಿಸೀನಿಯದ ಕಡೆಯಿಂದ ಬಂದು ದಖ್ಖನಿನ ಸುಲ್ತಾನರಲ್ಲಿ ಸೇವೆ ಮಾಡಿ ಮೇಲೆ ಬಂದವರು. ಅಹಮದನಗರದ ಮಲಿಕ್ ಅಂಬರನೂ ಆ ನೆಲದಿಂದಲೇ ಬಂದವನು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಜನಾಂಗದವರ ಮೂಲವೂ ಆಫ್ರಿಕಾವೇ. ಜಂಜಿರಾದ ಸಿದ್ದಿಗಳು ಮೊದಲು ನಿಜಾಮಶಾಹಿಯ, ನಂತರ ಬಿಜಾಪುರದ, 1670ರ ಹೊತ್ತಿಗೆ ಮೊಗಲರ ಆಶ್ರಯ ಹಿಡಿದರು. ಮೊಗಲರ ಹಡಗುಪಡೆಯ ಒಡೆತನ ಅವರಿಗೆ ಬಂತು, ಸೂರತ್ತಿನಿಂದ ಹಣವೂ ಬರುತ್ತಿತ್ತು. ಕಡಲ ಕೆಲಸದಲ್ಲಿ ಅವರು ಬಹಳ ಗಟ್ಟಿಗರು ಎಂಬುದನ್ನು ಅವರ ವೈರಿಗಳೂ ಒಪ್ಪಿದ್ದರು.

ಶಿವಾಜಿ ಮಹಾರಾಜರು ಜಂಜಿರಾಕ್ಕಾಗಿ ಮತ್ತೆ ಮತ್ತೆ ಪ್ರಯತ್ನಿಸಿದರು. ಅದರ ಎದುರಿಗೇ ಸಮುದ್ರದಲ್ಲಿ ಪದ್ಮದುರ್ಗವೆಂಬ ಕೋಟೆ ಕಟ್ಟಿಸಿದರು. ಸಂಭಾಜಿ ಮಹಾರಾಜರು 1682ರಲ್ಲಿ ಸ್ವತಃ ಬಂದು ನಿಂತು, ದಂಡೆಗೂ ನಡುಗಡ್ಡೆಗೂ ನಡುವಿನ ನೀರನ್ನು ಕಲ್ಲಿನಿಂದ ತುಂಬಿಸಿ ದಾರಿ ಮಾಡಲು ಹೊರಟರು. ಅಷ್ಟರಲ್ಲಿ ಮೊಗಲರ ದಂಡು ಬೆನ್ನಿಗೆ ಬಂತು, ಕೆಲಸ ಅಲ್ಲಿಗೇ ನಿಂತಿತು. ಜಂಜಿರಾ ಕೈಗೆ ಬರಲಿಲ್ಲ. ಮೇಲಾಗಿ 1689ರಲ್ಲಿ ರಾಯಗಡವೇ ಮೊಗಲರ ಪಾಲಾಗಿ, ಅವರಿಂದ ಸಿದ್ದಿಗಳ ವಶಕ್ಕೆ ಹೋಯಿತು. ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ, ಅವರ ಸಮಾಧಿ ಇರುವ ಸ್ಥಳ ಪರರ ಕೈಯಲ್ಲಿದೆ ಎಂಬ ನೋವು ಶಾಹೂ ಮಹಾರಾಜರನ್ನು ಕಾಡುತ್ತಿತ್ತು. ಆತ ಸೆರೆಯಾದದ್ದೂ ಅದೇ ಗಡದಲ್ಲಿ ತಾನೇ!

ಇದೇ ನೀರಿನಲ್ಲಿ ಇಮ್ಮಡಿ ಪುಲಕೇಶಿ

ಬಂದರನ್ನು ಕಟ್ಟಿಹಾಕುವ ವಿದ್ಯೆ ಕನ್ನಡಿಗರಿಗೆ ಹೊಸದಾಗಿರಲಿಲ್ಲ. 1733ಕ್ಕೆ ಸುಮಾರು ಸಾವಿರದ ನೂರು ವರ್ಷ ಹಿಂದೆ ಬಾದಾಮಿಯ ಚಾಲುಕ್ಯರು ಇದೇ ಕೊಂಕಣದ ದಂಡೆಯಲ್ಲಿ ಅದನ್ನು ಮಾಡಿ ತೋರಿಸಿದ್ದರು. ಮಂಗಲೇಶನು ರೇವತೀದ್ವೀಪವನ್ನು ಗೆದ್ದನು. ಅದು ಇಂದಿನ ಸಿಂಧುದುರ್ಗ ಜಿಲ್ಲೆಯ ರೇಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ ನಂತರ ಬಂದ ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಸೋಲಿಸಿ, ಅವರ ರಾಜಧಾನಿಯೂ ಬಂದರೂ ಆಗಿದ್ದ ಪುರಿಯನ್ನು ಮುತ್ತಿದನು.

ಐಹೊಳೆಯ ಮೇಗುತಿ ಬಸದಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ರವಿಕೀರ್ತಿ ಬರೆದದ್ದು. ಆ ಪುರಿಯನ್ನು ಪಶ್ಚಿಮ ಸಮುದ್ರದ ಲಕ್ಷ್ಮಿಯೆಂದು ಕವಿ ಕರೆದಿದ್ದಾನೆ. ಪುಲಕೇಶಿಯ ನೂರಾರು ಹಡಗುಗಳನ್ನು ಮದ್ದಾನೆಗಳಿಗೆ ಹೋಲಿಸಿದ್ದಾನೆ. ಆ ಪುರಿ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಮುಂಬಯಿ ಬಳಿಯ ಘಾರಾಪುರಿ ಎಂದು ಕೆಲವರು, ಜಂಜಿರಾದ ಎದುರಿನ ರಾಜಪುರಿ ಎಂದು ಕೆಲವರು. ಯಾವುದಾದರೂ ಇರಲಿ, ಒಂದು ಮಾತು ಸ್ಪಷ್ಟ. ಬಾದಾಮಿ ಸಮುದ್ರದ ಊರಲ್ಲ, ಬಂಡೆಗಲ್ಲಿನ ಊರು. ಆದರೂ ಬಂದರನ್ನು ಗೆಲ್ಲಬೇಕಾದಾಗ ಆ ಕನ್ನಡದ ಚಕ್ರವರ್ತಿ ಕಾಲಾಳು, ಕುದುರೆಗಳನ್ನಷ್ಟೇ ನಂಬಿ ಕೂಡಲಿಲ್ಲ. ಹಡಗು ಹೊಂದಿಸಿದನು, ಸಮುದ್ರದ ಕಡೆಯಿಂದ ಬಂದನು. ನೆಲದ ದಂಡು, ಜಲದ ದಂಡು ಎರಡೂ ಒಬ್ಬನದೇ ಅಪ್ಪಣೆಯಲ್ಲಿ ನಡೆದವು.

1733ರ ದಂಡಯಾತ್ರೆ

ಹದಿನೆಂಟನೆಯ ಶತಮಾನಕ್ಕೆ ಮರಳೋಣ. ಸಿದ್ದಿಗಳ ಮೇಲೆ ಮರಾಠರ ಸಿಟ್ಟಿಗೆ ಹಳೆಯ ಕಾರಣಗಳಲ್ಲದೆ ಹೊಸ ಕಾರಣವೂ ಕೂಡಿತ್ತು. ಸವಣೂರಿನ ನವಾಬನಿಂದ ಬ್ರಹ್ಮೇಂದ್ರ ಸ್ವಾಮಿಗಳಿಗೆ ದೊರೆತ ಒಂದು ಆನೆ ಕೊಂಕಣದ ದಾರಿಯಲ್ಲಿ ತಡೆಯಲ್ಪಟ್ಟಿತು. ಅದರಿಂದ ಹುಟ್ಟಿದ ಅನುಮಾನ ಬೆಳೆದು, 1727ರಲ್ಲಿ ಸಿದ್ದಿ ಸಾತ್ ಎಂಬ ಸರದಾರನು ಚಿಪಳೂಣದ ಬಳಿಯ ಪರಶುರಾಮ ದೇವಸ್ಥಾನವನ್ನು ಕೊಳ್ಳೆ ಹೊಡೆದನು. ಛತ್ರಪತಿಗಳೂ ಪೇಶವೆಯೂ ಗುರುವೆಂದು ಭಾವಿಸುತ್ತಿದ್ದ ಸ್ವಾಮಿಗಳು ಅಂದಿನಿಂದ ಸಿದ್ದಿಗಳನ್ನು ದಂಡಿಸಬೇಕೆಂದು ಎಡೆಬಿಡದೆ ಒತ್ತಾಯಿಸುತ್ತ ಬಂದರು.

ಹೀಗೆಂದು ಇದನ್ನು ಕೇವಲ ಎರಡು ಧರ್ಮಗಳ ಕಾದಾಟವೆಂದು ತಿಳಿಯುವುದು ತಪ್ಪಾದೀತು. 1733ರ ಫೆಬ್ರುವರಿಯಲ್ಲಿ ಜಂಜಿರಾದ ಒಡೆಯ ಸಿದ್ದಿ ರಸೂಲನು ತೀರಿಕೊಂಡಾಗ ಅವನ ಮನೆಯಲ್ಲಿಯೇ ಕಲಹ ಹತ್ತಿತು. ಹಿರಿಯ ಮಗ ಅಬ್ದುಲ್ಲಾ ಕೊಲೆಯಾದನು. ಅಬ್ದುಲ್ಲಾನ ಮಗ ಅಬ್ದುಲ್ ರಹಮಾನನು ಮರಾಠರ ನೆರವು ಬೇಡಿದನು. ಸಿದ್ದಿಗಳ ಹಡಗುಪಡೆಯಲ್ಲಿ ಹೆಸರಾಗಿದ್ದ ಶೇಖ್ ಯಾಕೂಬನೂ ಮರಾಠರ ಕಡೆ ವಾಲಿದನು. ವೈರಿಯ ಮನೆ ಒಡೆದಾಗಲೇ ಹೊಡೆಯಬೇಕೆಂದು ಸಾತಾರೆಯಲ್ಲಿ ತೀರ್ಮಾನವಾಯಿತು.

ಶಾಹೂ ಮಹಾರಾಜರು ಈ ಕೆಲಸಕ್ಕೆ ಪೇಶವೆ ಬಾಜೀರಾಯನನ್ನೂ ಮಾನಸಪುತ್ರ ಫತೇಸಿಂಹನನ್ನೂ ಜೊತೆಯಾಗಿ ಕಳಿಸಿದರು. ಬಾಜೀರಾಯನಿಗೆ ಆಗ ಮೂವತ್ತೆರಡು ವರ್ಷ, ಫತೇಸಿಂಹ ಇನ್ನೂ ಮೂವತ್ತರೊಳಗಿನ ಯುವಕ. ಯುದ್ಧದ ಲೆಕ್ಕಾಚಾರ ಬಾಜೀರಾಯನದು. ಛತ್ರಪತಿಗಳ ಮನೆಯ ಮಗನೇ ದಂಡಿನಲ್ಲಿದ್ದಾನೆ ಎಂಬ ತೂಕ ಫತೇಸಿಂಹನಿಂದ ಬಂತು. ಇವರದು ನೆಲದ ಭಾಗ. ಜಲದ ಭಾಗ ಕೊಲಾಬೆಯ ಸರಖೇಲ ಸೇಖೋಜಿ ಆಂಗ್ರೆಗೆ. ಪಶ್ಚಿಮ ಕರಾವಳಿಯಲ್ಲಿ ಇಂಗ್ಲಿಷರನ್ನೂ ಪೋರ್ಚುಗೀಸರನ್ನೂ ಎದುರಿಸಿ ನಿಂತ ಕಾನ್ಹೋಜಿ ಆಂಗ್ರೆ 1729ರಲ್ಲಿ ತೀರಿಕೊಂಡಿದ್ದನು. ಸೇಖೋಜಿ ಆತನ ಮಗ. ಇವರಲ್ಲದೆ ಪ್ರತಿನಿಧಿ ಶ್ರೀಪತರಾಯನೂ ತನ್ನ ದಂಡಿನೊಡನೆ ಕೊಂಕಣಕ್ಕೆ ಇಳಿಯಬೇಕೆಂದು ಗೊತ್ತಾಯಿತು. ದರಬಾರಿನಲ್ಲಿ ಪೇಶವೆಗೂ ಪ್ರತಿನಿಧಿಗೂ ಮೊದಲಿನಿಂದಲೂ ಪೈಪೋಟಿ ಇತ್ತು.

ಮೇ ತಿಂಗಳ ಆರಂಭದಲ್ಲಿ ಬಾಜೀರಾಯನ ದಂಡು ಘಟ್ಟ ಇಳಿದು ಒಮ್ಮೆಲೇ ರಾಜಪುರಿಯ ಮೇಲೆ ಎರಗಿತು. ಸಿದ್ದಿಗಳು ಇದನ್ನು ಎಣಿಸಿರಲಿಲ್ಲ. ಖಾಡಿಯಲ್ಲಿ ಲಂಗರು ಹಾಕಿ ನಿಂತಿದ್ದ ಅವರ ಹಡಗುಗಳು ಮರಾಠರ ಕೈವಶವಾದವು. ದಂಡೆಯ ಠಾಣೆಗಳು ಒಂದೊಂದಾಗಿ ಬಿದ್ದವು, ತಳಾ, ಘೋಸಾಳಾ ಕೋಟೆಗಳು ಬಂದವು. ಉಳಿದ ಸಿದ್ದಿಗಳು ಜಂಜಿರಾದೊಳಗೆ ಸೇರಿ ಹೆಬ್ಬಾಗಿಲು ಮುಚ್ಚಿಕೊಂಡರು. ಜೂನ್ 8ರಂದು ಪ್ರತಿನಿಧಿಯ ಕಡೆಯವರು ರಾಯಗಡದ ಶಿಬಂದಿಯನ್ನು ಒಳಗೊಳಗೇ ಒಲಿಸಿಕೊಂಡು ಗಡವನ್ನು ವಶಪಡಿಸಿಕೊಂಡರು. ನಲವತ್ತನಾಲ್ಕು ವರ್ಷಗಳ ನಂತರ ರಾಯಗಡ ಮರಳಿ ಬಂತು. ಸಾತಾರೆಯಲ್ಲಿ ಶಾಹೂ ಮಹಾರಾಜರಿಗೆ ಆದ ಆನಂದ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿಯವರೆಗಿನದು ಗೆದ್ದ ಅರ್ಧ.

ತೆರೆದೇ ಉಳಿದ ಬಾಗಿಲು

ನಡುಗಡ್ಡೆಯ ಕೋಟೆಯನ್ನು ಹಿಡಿಯಲು ಎರಡೇ ಉಪಾಯ. ಗೋಡೆ ಒಡೆದು ಒಳಗೆ ನುಗ್ಗುವುದು ಒಂದು, ಅನ್ನ ಮದ್ದು ಗುಂಡು ಒಳಗೆ ಹೋಗದಂತೆ ಮಾಡಿ ಬಾಗಿಲು ತಾನಾಗಿ ತೆರೆಯುವವರೆಗೆ ಕಾಯುವುದು ಇನ್ನೊಂದು. ಜಂಜಿರಾದ ಗೋಡೆ ಒಡೆಯುವಷ್ಟು ದೊಡ್ಡ ತೋಪುಗಳನ್ನು ಘಟ್ಟ ಇಳಿಸಿ ತರುವುದು ಸುಲಭವಲ್ಲ, ದಂಡೆಯಿಂದ ಹೊಡೆದ ಗುಂಡು ನೀರು ದಾಟಿ ಹೋಗುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತಿತ್ತು. ಆದುದರಿಂದ ಉಳಿದದ್ದು ಎರಡನೆಯ ಉಪಾಯವೇ.

ಆದರೆ ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿಂದಿನ ಬಾಗಿಲು ತೆರೆದಿಟ್ಟರೆ ಅಂಗಡಿ ಮುಚ್ಚಿದಂತಾಗುವುದೇ? ಸರಕು ಹಿಂದಿನಿಂದ ಬರುತ್ತಲೇ ಇರುತ್ತದೆ. ಬಾಜೀರಾಯನೂ ಫತೇಸಿಂಹನೂ ರಾಜಪುರಿಯಲ್ಲಿ ನಿಂತು ಹೆಬ್ಬಾಗಿಲನ್ನು ಕಾದರು. ದರ್ಯಾ ದರವಾಜವನ್ನು ಕಾಯಬೇಕಾದದ್ದು ಆಂಗ್ರೆಯ ಹಡಗುಗಳು. ಅದು ನಡೆಯಲಿಲ್ಲ. ನಡೆಯದಿರಲು ಮೂರು ಕಾರಣಗಳು.

ಮೊದಲನೆಯದು ಮಳೆಗಾಲ. ದಂಡು ರಾಜಪುರಿಗೆ ಬಂದದ್ದು ಮೇ ತಿಂಗಳಲ್ಲಿ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಮಳೆಯೆಂದರೆ ಮುಗಿಲು ನೋಡುತ್ತ ಕಾಯುವ ವಸ್ತು. ಕೊಂಕಣದಲ್ಲಿ ಜೂನ್ ಮೊದಲ ವಾರದಿಂದ ನಾಲ್ಕು ತಿಂಗಳು ಅದು ಬಿಡದೆ ಸುರಿಯುತ್ತದೆ, ಸಮುದ್ರ ಹುಚ್ಚೆದ್ದು ಕುಣಿಯುತ್ತದೆ. ಗುರಾಬು, ಗಲಬತ್ತುಗಳನ್ನು ಖಾಡಿಯೊಳಗೆ ಎಳೆದು ಕಟ್ಟಿ ಹಾಕುವ ಕಾಲವದು. ಅಂಥದರಲ್ಲಿ ತೆರೆದ ಸಮುದ್ರದಲ್ಲಿ ಹಡಗು ನಿಲ್ಲಿಸಿ ಕಾವಲು ಮಾಡುವುದು ಆಗದ ಮಾತು. ದೇಶದ ಬಯಲಿನಲ್ಲಿ ಗಾಳಿಯಂತೆ ಓಡುತ್ತಿದ್ದ ಕುದುರೆಗಳೂ ಕೊಂಕಣದ ಕೆಸರಿನಲ್ಲಿ ಕಾಲು ಕೀಳಲಾರದೆ ನಿಂತವು. ವೈರಿಯ ಮನೆಯ ಜಗಳವನ್ನು ಬಳಸಿಕೊಳ್ಳುವ ಆತುರದಲ್ಲಿ ಋತುವಿನ ಲೆಕ್ಕ ತಪ್ಪಿತ್ತು.

ಎರಡನೆಯದು ಮುಂಬಯಿಯ ಇಂಗ್ಲಿಷರು. ಜಂಜಿರಾ ಮರಾಠರ ಪಾಲಾದರೆ ಮುಂಬಯಿಯ ತೆಂಕಣ ಕರಾವಳಿ ಪೂರ್ತಿ ಅವರದಾಗುತ್ತದೆ ಎಂಬುದು ಆ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಸಿದ್ದಿಯ ಮೇಲಿನ ಪ್ರೀತಿಗಿಂತ ಮರಾಠರ ಮೇಲಿನ ಭಯವೇ ಹೆಚ್ಚು. ಅವರು ಮುತ್ತಿಗೆಯಲ್ಲಿದ್ದ ಸಿದ್ದಿಗಳಿಗೆ ಹಡಗಿನ ನೆರವು ಕೊಟ್ಟರು. ವರ್ಷದ ಕೊನೆಗೆ ಒಪ್ಪಂದವನ್ನೂ ಮಾಡಿಕೊಂಡರು, ಸಿದ್ದಿಗಳ ಉಂದೇರಿ ಕೋಟೆಯಲ್ಲಿ ಕಾಲೂರಿದರು. ದರ್ಯಾ ದರವಾಜದಿಂದ ಒಳಗೆ ಹೋದದ್ದು ಈ ನೆರವೇ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ಸ್ವಂತ ಮನೆಯ ಒಡಕು. ಹಿರಿಯರು ಹೇಳುವಂತೆ ಮನೆಯೊಂದು ಮೂರು ಬಾಗಿಲು. ರಾಯಗಡವನ್ನು ಗೆದ್ದ ಕೀರ್ತಿ ಪ್ರತಿನಿಧಿಗೆ ಹೋದದ್ದು ಪೇಶವೆಗೆ ಸರಿಬರಲಿಲ್ಲ. ಪ್ರತಿನಿಧಿಯು ಮುಂದೆ ಚಿಪಳೂಣದ ಕಡೆ ಹೋಗಿ ಗೋವಳಕೋಟೆಯನ್ನು ಪ್ರತ್ಯೇಕವಾಗಿ ಹಿಡಿಯಲು ನೋಡಿ ಕೈಸುಟ್ಟುಕೊಂಡನು. ಒಬ್ಬರ ಯೋಜನೆ ಇನ್ನೊಬ್ಬರಿಗೆ ತಿಳಿಯದು, ತಿಳಿದರೂ ಒಪ್ಪಿಗೆಯಾಗದು. ಹೀಗಿರುವಾಗ ಆಗಸ್ಟ್ ಕೊನೆಯಲ್ಲಿ ಸೇಖೋಜಿ ಆಂಗ್ರೆ ಅಕಾಲ ಮರಣಕ್ಕೆ ತುತ್ತಾದನು. ಮಳೆ ಕಡಿಮೆಯಾಗಿ ಹಡಗುಗಳು ಹೊರಬರಬೇಕಾದ ಹೊತ್ತಿಗೆ ಸರಿಯಾಗಿ ಹಡಗುಗಳ ಒಡೆಯನೇ ಇಲ್ಲವಾದನು. ಅವನ ತಮ್ಮಂದಿರಾದ ಸಂಭಾಜಿ, ಮಾನಾಜಿಯರಲ್ಲಿ ಒಡೆತನಕ್ಕಾಗಿ ಕಿತ್ತಾಟ ಬೆಳೆಯಿತು. ಮುಂದೆ 1735ರಲ್ಲಿ ಬಾಜೀರಾಯನು ಆಂಗ್ರೆ ಮನೆತನವನ್ನೇ ಎರಡು ಪಾಲು ಮಾಡಿ ಕೊಲಾಬೆಯನ್ನು ಮಾನಾಜಿಗೂ ವಿಜಯದುರ್ಗದ ಕಡೆಯನ್ನು ಸಂಭಾಜಿಗೂ ಹಂಚಬೇಕಾಯಿತು.

ಸಿದ್ದಿಗಳ ಮನೆ ಒಡೆದಿದೆ ಎಂದು ಹೊರಟವರ ಮನೆಯೇ ಒಡೆದಿತ್ತು. 1733ರ ಡಿಸೆಂಬರಿನಲ್ಲಿ ಬಾಜೀರಾಯನು ಒಪ್ಪಂದ ಮಾಡಿಕೊಂಡು ಹಿಂದಿರುಗಿದನು. ಅಬ್ದುಲ್ ರಹಮಾನನನ್ನು ಸಿದ್ದಿಗಳ ಒಡೆಯನೆಂದು ಒಪ್ಪಿದ್ದಾಯಿತು, ಹನ್ನೊಂದು ಮಹಾಲುಗಳ ಉತ್ಪನ್ನದಲ್ಲಿ ಅರ್ಧ ಪಾಲು ಮರಾಠರಿಗೆಂದಾಯಿತು. ರಾಯಗಡ, ತಳಾ, ಘೋಸಾಳಾ ಮರಾಠರಲ್ಲಿ ಉಳಿದವು. ಜಂಜಿರಾ ಮಾತ್ರ ಸಿದ್ದಿಗಳಲ್ಲಿಯೇ ಉಳಿಯಿತು. ಎರಡೂವರೆ ವರ್ಷದ ನಂತರ, 1736ರ ಏಪ್ರಿಲಿನಲ್ಲಿ, ರೇವಸದ ಬಳಿಯ ಕಾಳಗದಲ್ಲಿ ಚಿಮಾಜಿ ಅಪ್ಪನು ಸಿದ್ದಿ ಸಾತನನ್ನು ಕೊಂದನು. ಆಗಲೂ ನಡುಗಡ್ಡೆಯ ಕೋಟೆ ಅಲುಗಲಿಲ್ಲ.

ಸೊಲ್ಲಾಪುರದ ಕೋಟೆ ಹೇಳುವ ಮಾತು

ಎರಡು ಬಾಗಿಲಿನ ಈ ಲೆಕ್ಕ ಎಷ್ಟು ನಿಜವೆಂಬುದಕ್ಕೆ ಸೊಲ್ಲಾಪುರದ ಕೋಟೆಯೇ ಸಾಕ್ಷಿ. ಶ್ರೀ ಸಿದ್ಧೇಶ್ವರ ಕೆರೆಯ ಮಗ್ಗುಲಲ್ಲಿರುವ ಆ ಕೋಟೆ ಜಂಜಿರಾಕ್ಕಿಂತ ಬಡವಾದದ್ದೇನೂ ಅಲ್ಲ. ಎರಡು ಸುತ್ತಿನ ಗೋಡೆ, ಆಳವಾದ ಕಂದಕ, ಒಂದು ಕಡೆ ಕೆರೆಯ ನೀರು. ಈ ಕೋಟೆಗಾಗಿ ಬಿಜಾಪುರದ ಆದಿಲಶಾಹರೂ ಅಹಮದನಗರದ ನಿಜಾಮಶಾಹರೂ ತಲೆಮಾರುಗಟ್ಟಲೆ ಬಡಿದಾಡಿದರು. ಕೊನೆಗೆ ಚಾಂದಬೀಬಿಯ ಮದುವೆಯಲ್ಲಿ ಬಳುವಳಿಯಾಗಿ ಇದು ಬಿಜಾಪುರಕ್ಕೆ ಬಂದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

ಅಂಥ ಕೋಟೆ 1818ರ ಮೇ ತಿಂಗಳಲ್ಲಿ ಒಂದು ವಾರದೊಳಗಾಗಿ ಇಂಗ್ಲಿಷರ ಪಾಲಾಯಿತು. ಧಾರವಾಡದ ಕಡೆಯಿಂದ ಬಂದ ಜನರಲ್ ಥಾಮಸ್ ಮನ್ರೋ ಮೊದಲು ಪೇಟೆಯನ್ನು ಹಿಡಿದನು. ಕೋಟೆಯ ಹೊರಗೆ ಬೀಡುಬಿಟ್ಟಿದ್ದ ಪೇಶವೆಯ ಸೈನ್ಯವನ್ನು ಚದುರಿಸಿ ಬೆನ್ನಟ್ಟಿದನು. ನಂತರ ಕೋಟೆಗೆ ತೋಪು ಹಚ್ಚಿದನು. ಸುತ್ತಲೂ ಶತ್ರು, ನೆರವು ಬರುವ ದಾರಿಯಿಲ್ಲ. ಒಳಗಿನವರು ಶರಣಾದರು. ಅವರೇನು ಹೇಡಿಗಳಲ್ಲ. ಅವರ ಕೋಟೆಗೆ ದರ್ಯಾ ದರವಾಜಾ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನೆಲದ ಕೋಟೆಯನ್ನು ಒಬ್ಬ ಸೇನಾಪತಿ ಒಂದು ದಂಡಿನಿಂದ ಮುಚ್ಚಬಲ್ಲನು. ಬಂದರನ್ನು ಮುಚ್ಚಲು ಎರಡು ದಂಡು ಬೇಕು, ಎರಡಕ್ಕೂ ಒಂದೇ ಮನಸ್ಸು ಬೇಕು.

ವಸಾಯಿಯಲ್ಲಿ ತಿದ್ದಿಕೊಂಡ ತಪ್ಪು

ಸೋಲಿನಿಂದ ಕಲಿಯದಿದ್ದರೆ ಸೋಲು ಬರೀ ಸೋಲಾಗಿಯೇ ಉಳಿಯುತ್ತದೆ. ಮರಾಠರು ಕಲಿತರು ಎಂಬುದಕ್ಕೆ ವಸಾಯಿಯ ಯುದ್ಧ ಪ್ರಮಾಣ. ಉತ್ತರ ಕೊಂಕಣದಲ್ಲಿ ಪೋರ್ಚುಗೀಸರ ಮುಖ್ಯ ಬಂದರು ವಸಾಯಿ. 1737ರಲ್ಲಿ ಚಿಮಾಜಿ ಅಪ್ಪನ ನೇತೃತ್ವದಲ್ಲಿ ಯುದ್ಧ ಮೊದಲಾದಾಗ ನೇರವಾಗಿ ವಸಾಯಿಯೊಂದರ ಮೇಲೆಯೇ ಬಿದ್ದು ಕೂಡಲಿಲ್ಲ. ಮೊದಲು ಠಾಣೆಯನ್ನೂ ಸಾಷ್ಟಿ ದ್ವೀಪವನ್ನೂ ತೆಗೆದುಕೊಂಡರು. 1739ರ ಆರಂಭದಲ್ಲಿ ಮಾಹೀಮ, ಕೇಳವೆ, ತಾರಾಪುರ ಮುಂತಾದ ಸಮುದ್ರತೀರದ ಕೋಟೆಗಳನ್ನು ಒಂದೊಂದಾಗಿ ಕಿತ್ತರು. ಮಾನಾಜಿ ಆಂಗ್ರೆಯ ಹಡಗುಗಳು ನೆರವಿಗೆ ನಿಂತವು. ಗೋವೆಯಿಂದ ವಸಾಯಿಗೆ ಸಹಾಯ ಬಾರದಂತೆ ಅದೇ ಹೊತ್ತಿಗೆ ಇಚಲಕರಂಜಿಯ ವ್ಯಂಕಟರಾವ್ ಘೋರ್ಪಡೆ ಗೋವೆಯ ಮೇಲೆಯೇ ಏರಿಹೋದನು. ತನ್ನ ಮನೆಗೇ ಬೆಂಕಿ ಬಿದ್ದವನು ಇನ್ನೊಬ್ಬರ ಮನೆಗೆ ನೀರು ಹೊರುವನೇ?

1739ರ ಮೇ ತಿಂಗಳಲ್ಲಿ, ಮಳೆಗಾಲ ಕಾಲಿಡುವ ಮೊದಲೇ, ವಸಾಯಿ ಶರಣಾಯಿತು. ರಾಜಪುರಿಯಲ್ಲಿ ಬಂದ ಕಾಲ ತಪ್ಪಿತ್ತು, ಸಮುದ್ರದ ದಾರಿ ತೆರೆದಿತ್ತು, ಸರದಾರರಲ್ಲಿ ಒಮ್ಮತವಿರಲಿಲ್ಲ. ವಸಾಯಿಯಲ್ಲಿ ಈ ಮೂರನ್ನೂ ತಿದ್ದಿಕೊಂಡರು. ವಸಾಯಿಯ ವಿಜಯಸ್ತಂಭದ ಒಂದು ಕಲ್ಲು ಜಂಜಿರಾದ ಸೋಲಿನದು ಎಂದರೆ ತಪ್ಪಾಗದು.

ಫತೇಸಿಂಹನ ಮುಂದಿನ ಬದುಕು

ಫತೇಸಿಂಹನು ಸಾತಾರೆಗೆ ಮರಳಿದ ಮೇಲೆ ಶಾಹೂ ಮಹಾರಾಜರ ಬಳಿಯಲ್ಲಿಯೇ ಹೆಚ್ಚು ಕಾಲ ಕಳೆದನು. 1740-41ರಲ್ಲಿ ನಾಗಪುರದ ರಘೂಜಿ ಭೋಸಲೆಯೊಡನೆ ತೆಂಕಣದ ಕರ್ನಾಟಕಕ್ಕೆ ಹೋಗಿ, ತಿರುಚಿನಾಪಳ್ಳಿಯನ್ನು ಗೆದ್ದ ದಂಡಯಾತ್ರೆಯಲ್ಲಿ ಭಾಗಿಯಾದನು. ಅದು ನೆಲದ ಮುತ್ತಿಗೆ, ಪೂರ್ತಿ ಗೆದ್ದಿತು. 1749ರ ಡಿಸೆಂಬರಿನಲ್ಲಿ ಶಾಹೂ ಮಹಾರಾಜರು ತೀರಿಕೊಂಡಾಗ ಗಾದಿಗಾಗಿ ಸಾತಾರೆಯಲ್ಲಿ ದೊಡ್ಡ ಗೊಂದಲ ಎದ್ದಿತು. ಮನೆಯಲ್ಲಿಯೇ ಮಗನಂತೆ ಬೆಳೆದ ಫತೇಸಿಂಹನು ಆ ಜಗಳಕ್ಕೆ ತಾನೊಂದು ಪಕ್ಷವಾಗದೆ ಅಕ್ಕಲಕೋಟೆಗೆ ಬಂದು ನಿಂತನು. 1760ರಲ್ಲಿ ಕಾಲವಾದನು. ಮನೆಯ ಒಡಕು ಏನು ಮಾಡುತ್ತದೆ ಎಂಬುದನ್ನು ರಾಜಪುರಿಯ ದಂಡೆಯಲ್ಲಿ ನಿಂತು ಕಂಡವನು, ತನ್ನ ಸರದಿ ಬಂದಾಗ ಒಡಕಿಗೆ ಕಾರಣನಾಗಲಿಲ್ಲ. ಈ ಗುಣಕ್ಕಾಗಿಯಾದರೂ ಆತನನ್ನು ಅಕ್ಕಲಕೋಟೆಯವರು ನೆನೆಯಬೇಕು.

ಅವನ ಸಂಸ್ಥಾನ ಸಾತಾರೆಯ ಆಶ್ರಯದಲ್ಲಿಯೂ, ಸಾತಾರೆ ಮುಳುಗಿದ ಮೇಲೆ ಇಂಗ್ಲಿಷರ ಅಧೀನದಲ್ಲಿಯೂ ಉಳಿದು ಬಂತು. ಜಂಜಿರಾದ ಸಿದ್ದಿಗಳ ಸಂಸ್ಥಾನವೂ ಹಾಗೆಯೇ ಉಳಿದಿತ್ತು. ಯಾವ ದಂಡಿಗೂ ತೆರೆಯದ ಜಂಜಿರಾದ ಬಾಗಿಲು 1948ರಲ್ಲಿ ಒಂದು ಗುಂಡೂ ಹಾರದೆ ಭಾರತಕ್ಕೆ ತೆರೆಯಿತು. ಮುತ್ತಿಗೆ ಹಾಕಿದವನ ಅಕ್ಕಲಕೋಟೆಯೂ, ಮುತ್ತಿಗೆಯನ್ನು ತಾಳಿಕೊಂಡ ಜಂಜಿರಾವೂ ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಇಂದು ಎರಡೂ ಮಹಾರಾಷ್ಟ್ರ ರಾಜ್ಯದಲ್ಲಿಯೇ ಇವೆ. ರಾಜಪುರಿಯ ದಂಡೆಯಿಂದ ಹಾಯಿದೋಣಿ ಏರಿ ಯಾರು ಬೇಕಾದರೂ ಆ ಹೆಬ್ಬಾಗಿಲಿಗೆ ಹೋಗಿ ಇಳಿಯಬಹುದು.

ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬ ಗಾದೆಯಿದೆ. ಜಾತ್ರೆಯ ತೇರಿಗೆ ಎರಡು ಮಿಣಿ ಕಟ್ಟಿರುತ್ತಾರೆ. ಎರಡೂ ಕಡೆ ನೂರಾರು ಕೈಗಳು. ಎರಡು ಮಿಣಿಯೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಬಿಗಿದರೆ ಮಾತ್ರ ಗಾಲಿ ಉರುಳುತ್ತದೆ. ಒಂದು ಮಿಣಿ ಸಡಿಲಾದರೆ ತೇರು ವಾಲುತ್ತದೆ, ಇನ್ನೊಂದು ಕಡೆಯವರು ಎಷ್ಟು ಬಲ ಹಾಕಿದರೂ ಪ್ರಯೋಜನವಿಲ್ಲ. 1733ರಲ್ಲಿ ನೆಲದ ಮಿಣಿ ಬಿಗಿದಿತ್ತು, ಜಲದ ಮಿಣಿ ಸಡಿಲಾಗಿತ್ತು. ಅಕ್ಕಲಕೋಟೆಯ ಮೂಲಪುರುಷನು ಹಿಡಿದದ್ದು ಬಿಗಿದ ಮಿಣಿಯನ್ನೇ ಎಂಬುದು ಈ ಊರಿಗೆ ಹೆಮ್ಮೆ. ಸಡಿಲಾದ ಮಿಣಿಯ ನೆನಪು ಮಾತ್ರ ಎಲ್ಲ ಊರಿನವರಿಗೂ ಇರಬೇಕಾದದ್ದು.